ಬಿದಿರು ಕೋಲು, ತಂತಿ ಹ್ಯಾಂಗರ್, ಒಂದು ಗಾಳ: ಕಲ್ಲುಸಂದಿನ ಮಂಕಿಫೇಸ್ ಮೀನು ಹಿಡಿಯೋದು ಹೇಗೆ

ಮಲೆನಾಡಲ್ಲಿ ಗದ್ದೆ ಬದುವಿನ ಬಿಲಕ್ಕೆ ಕಡ್ಡಿ ತೂರಿಸಿ ಏಡಿ ಹಿಡಿದು ಬೆಳೆದವ್ರಿಗೆ ಇದನ್ನ ಹೇಳ್ಕೊಡೋದು ಸುಲಭ, ಎರಡೇ ಮಾತು, ಅದೇ ಕೆಲಸ ಆದ್ರೆ ಸಮುದ್ರದಲ್ಲಿ ಅಂದ್ರೆ ಮುಗೀತು. ಉಳಿದವ್ರಿಗೆ ಸ್ವಲ್ಪ ಬಿಡಿಸಿ ಹೇಳ್ಬೇಕು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಪೋಕ್ ಪೋಲಿಂಗ್ ಅಂತಾರೆ, ಅಂದ್ರೆ ಚುಚ್ಚುಕೋಲು ಹಾಕೋದು. ರೀಲ್ ಇಲ್ಲ, ಬೀಸೋದಿಲ್ಲ, ಬೋಟ್ ಇಲ್ಲ. ನೀರು ಇಳಿದಾಗ ಕಲ್ಲುಬಂಡೆ ಮೇಲೆ ನಡ್ಕೊಂಡು ಹೋಗಿ ಬಂಡೆ ಸಂದಿಗೆ ಕೋಲು ತೂರಿಸಿ ಒಳಗಿರೋ ಮೀನನ್ನ ಎಳ್ಕೊಂಡು ಬರೋದು ಅಷ್ಟೇ.

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾಗೆ ಬಂದು ಎಷ್ಟೋ ವರ್ಷ ನಾನು ಪಿಯರ್ ಮೇಲೆ, ಅಂದ್ರೆ ಸಮುದ್ರದೊಳಕ್ಕೆ ಚಾಚಿರೋ ಕಟ್ಟೆ ಮೇಲೆ, ನಿಂತು ರಾಡ್ ಹಿಡ್ಕೊಂಡು ದುಡ್ಡು ಸಮಯ ಎರಡನ್ನೂ ನೀರಿಗೆ ಹಾಕಿದೀನಿ. ಒಂದಿನ ಅಲ್ಲೇ ಕರಾವಳಿಯ ಪೆಸ್ಕಡೆರೋ ಅನ್ನೋ ಊರ ಹತ್ರ ಒಬ್ಬ ವಯಸ್ಸಾದ ಫಿಲಿಪಿನೋ ಅಜ್ಜ, ಕಾಲಿಗೆ ರಬ್ಬರ್ ಬೂಟು, ಸೊಂಟಕ್ಕೆ ಗೋಣಿಚೀಲ, ಕೈಯಲ್ಲಿ ಹೂತೋಟದ ಬಿದಿರು ಗಳು ಹಿಡ್ಕೊಂಡು ಬಂಡೆ ಬಂಡೆ ಮೇಲೆ ಕೊಕ್ಕರೆ ಥರ ಹೆಜ್ಜೆ ಇಡ್ತಾ ಹೋಗ್ತಿದ್ದ, ನಾನು ನೋಡ್ತಿದ್ದ ಹಾಗೇನೇ ಕಾಲಡಿ ಕಲ್ಲಿಂದ ಎರಡಡಿ ಉದ್ದದ ಹಾವಿನಂಥ ಮೀನು ಎಳೆದು ಚೀಲಕ್ಕೆ ಹಾಕ್ದ. ನಾನು ಬಾಯಿ ಬಿಟ್ಕೊಂಡು ನಿಂತೆ. ಇನ್ನೂರು ಡಾಲರ್ ರಾಡು ಕಾರಲ್ಲಿ ಇತ್ತು ಆಗ.

ಮೊದ್ಲು ಮೀನಿನ ವಿಷಯ. ಎಲ್ರೂ ಮಂಕಿಫೇಸ್ ಈಲ್ ಅಂತಾರೆ, ಆದ್ರೆ ಇದು ಈಲ್ ಅಲ್ಲವೇ ಅಲ್ಲ. ನಿಜವಾದ ಹಾವುಮೀನಿನ ಕುಲಕ್ಕೂ ಇದಕ್ಕೂ ಸಂಬಂಧ ಇಲ್ಲ, ಇದು ಪ್ರಿಕಲ್‌ಬ್ಯಾಕ್ ಅನ್ನೋ ಜಾತಿ, ಬೆನ್ನ ಮೇಲಿನ ರೆಕ್ಕೆಯ ಮುಂದಿನ ಭಾಗದಲ್ಲಿ ಮುಳ್ಳು ಇರೋದ್ರಿಂದ ಆ ಹೆಸರು. ಸಂದಿಯಲ್ಲಿ ಬದುಕಿ ಬದುಕಿ ಮೈ ಹಾವಿನ ಆಕಾರಕ್ಕೆ ಬಂದಿದೆ. ದೊಡ್ಡದಾದ್ರೆ ಎರಡೂವರೆ ಅಡಿವರೆಗೂ ಬೆಳೆಯುತ್ತೆ, ತಲೆ ಮೇಲೆ ಉಬ್ಬು ಬಂದು ಮುಖ ಒಂಥರಾ ಮುನಿಸ್ಕೊಂಡ ಮಂಗನ ಹಾಗೆ ಕಾಣುತ್ತೆ. ಬಣ್ಣ ಪಾಚಿ ಹಸಿರು ಇಲ್ಲಾ ಕಂದು ಬೂದಿ, ಕಣ್ಣಿನಿಂದ ಹಿಂದಕ್ಕೆ ಎರಡು ಕಪ್ಪು ಗೆರೆ. ಒರೆಗಾನಿಂದ ಮೆಕ್ಸಿಕೋದ ಬಾಹಾವರೆಗೂ ಇದೆ, ಆದ್ರೆ ಮಧ್ಯ ಮತ್ತು ಉತ್ತರ ಕ್ಯಾಲಿಫೋರ್ನಿಯಾದ ಕಲ್ಲುತೀರದಲ್ಲೇ ಇದರ ದರ್ಬಾರು.

ಎರಡು ವಿಚಿತ್ರ ಹೇಳ್ಬಿಡ್ತೀನಿ, ಹಿಡಿಯೋದಕ್ಕೂ ಉಪಯೋಗ ಆಗುತ್ತೆ. ಒಂದು, ಈ ಮೀನು ಗಾಳಿ ಉಸಿರಾಡುತ್ತೆ. ನೀರು ಇಳಿದ ಮೇಲೂ ಒದ್ದೆ ಸಂದಿಯಲ್ಲಿ ಪಾಚಿ ಕೆಳಗೆ ಆರಾಮಾಗಿ ಮಲ್ಕೊಂಡಿರುತ್ತೆ, ಮೈ ಒದ್ದೆಯಾಗಿದ್ರೆ ನೀರಿಂದ ಹೊರಗೆ 35 ಗಂಟೆವರೆಗೂ ಬದುಕುತ್ತೆ ಅಂತ ಲೆಕ್ಕ. ಅದಕ್ಕೇ ನೀರು ಕಡಿಮೆ ಇರೋ ಬಿಲವನ್ನ ಖಾಲಿ ಅಂದ್ಕೊಂಡು ದಾಟಿ ಹೋಗ್ಬೇಡಿ. ಎರಡು, ದೊಡ್ಡ ಮೀನು ಹೆಚ್ಚುಕಮ್ಮಿ ಸಸ್ಯಾಹಾರಿ, ಕೆಂಪು ಪಾಚಿ ಹಸಿರು ಪಾಚಿ ತಿಂದೇ ಬದುಕೋದು. ಸಮುದ್ರದಲ್ಲಿ ಸೊಪ್ಪು ತಿಂದು ಬದುಕೋ ಮೀನು ಅಪರೂಪ ಅಂತ ಅರ್ವೈನ್‌ನ ಯೂನಿವರ್ಸಿಟಿಯವ್ರು ಇದರ ಜೀನೋಮ್ ಓದಿ 2020ರಲ್ಲಿ ಪೇಪರ್ ಬೇರೆ ಹಾಕಿದಾರೆ, ಪಿಷ್ಟ ಕೊಬ್ಬು ಜೀರ್ಣ ಮಾಡೋ ಕಿಣ್ವದ ಜೀನುಗಳು ಇದಕ್ಕೆ ಹೆಂಗೆ ಹೊಂದ್ಕೊಂಡಿವೆ ಅಂತ. ಹಂಗಾದ್ರೆ ಮಾಂಸದ ಎರೆ ಯಾಕೆ ಕಚ್ಚುತ್ತೆ? ಸೊಪ್ಪಿನ ಜೊತೆ ಸಣ್ಣಪುಟ್ಟ ಹುಳ ಹುಪ್ಪಟೆನೂ ಬಾಯಿಗೆ ಹಾಕ್ಕೊಳ್ಳುತ್ತೆ, ಮನೆ ಬಾಗಿಲಿಗೇ ಬೊಂಡಾಸ್ (ಸ್ಕ್ವಿಡ್) ಬಂದ್ರೆ ಯಾರು ಬಿಡ್ತಾರೆ ಹೇಳಿ. ನಮ್ಮಲ್ಲೂ ಇದಾರಲ್ಲ, ಮನೇಲಿ ಮಾತ್ರ ವೆಜ್ ಅನ್ನೋರು.

ಈಗ ಕೋಲು. ಅಂಗಡಿಯಲ್ಲಿ ರೆಡಿಮೇಡ್ ಹುಡ್ಕೋಕೆ ಹೋಗ್ಬೇಡಿ, ಗಾರ್ಡನ್ ಅಂಗಡಿಯಲ್ಲಿ ಟೊಮ್ಯಾಟೊ ಬಳ್ಳಿಗೆ ಊರುಗೋಲು ಅಂತ ಬಿದಿರು ಮಾರ್ತಾರೆ, ಅದರಲ್ಲಿ ದಪ್ಪಗಿರೋದು, ಎಂಟರಿಂದ ಹನ್ನೆರಡು ಅಡಿ ಉದ್ದದ್ದು ಆರಿಸ್ಕೊಳ್ಳಿ. ನನ್ನದು ಹತ್ತಡಿ. ಇನ್ನೂ ಉದ್ದ ಇದ್ರೆ ದೂರದ ಬಿಲ ಸಿಗುತ್ತೆ ನಿಜ, ಆದ್ರೆ ಗಾಳಿ ಬೀಸಿದಾಗ ಬಂಡೆ ಮೇಲೆ ಅದನ್ನ ಹಿಡ್ಕೊಂಡು ಬ್ಯಾಲೆನ್ಸ್ ಮಾಡೋದು ದೊಂಬರಾಟ ಆಗುತ್ತೆ, ಕಾರಲ್ಲೂ ಹಿಡ್ಸಲ್ಲ. ತುದಿ ಕಡೆ ಬೆರಳು ದಪ್ಪ ಇರ್ಲಿ, ಸೀಳು ಬಿಟ್ಟಿರಬಾರ್ದು.

ತುದಿಗೆ ತಂತಿ. ಡ್ರೈಕ್ಲೀನ್ ಅಂಗಡಿಯಿಂದ ಬಟ್ಟೆ ಜೊತೆ ಬರುತ್ತಲ್ಲ ತಂತಿ ಹ್ಯಾಂಗರ್, ಅದನ್ನ ಕಟಿಂಗ್ ಪ್ಲೇಯರಲ್ಲಿ ಬಿಚ್ಚಿ ನೇರ ಮಾಡಿ. ಒಂದಡಿಯಷ್ಟು ಕೋಲಿನ ಮೈಗೆ ಒರಗಿಸಿ ಇನ್ಸುಲೇಷನ್ ಟೇಪ್ ಬಿಗಿಯಾಗಿ ಸುತ್ತಿ, ಒಂದೂವರೆ ಅಡಿ ಮುಂದಕ್ಕೆ ಚಾಚ್ಕೊಂಡಿರ್ಲಿ. ಕೋಲಿಗೆ ತಾಗೋ ತುದಿನ ಎಲ್ ಆಕಾರಕ್ಕೆ ಬಗ್ಗಿಸಿ ಬಿದಿರಿಗೆ ಸಣ್ಣ ತೂತು ಕೊರೆದು ಅದ್ರೊಳಗೆ ಸೇರಿಸಿಬಿಟ್ರೆ ಮೀನು ಎಳೆದಾಗ ತಂತಿ ಜಾರಿ ಬರಲ್ಲ. ಇದನ್ನ ನಾನು ಮೊದಲನೇ ಸಲ ಮಾಡ್ಲಿಲ್ಲ, ಬರೀ ಟೇಪ್ ನಂಬ್ಕೊಂಡಿದ್ದೆ, ಮೊದಲನೇ ಮೀನು ತಂತಿ ಗಾಳ ಎರೆ ಸಮೇತ ಬಿಲದೊಳಗೆ ಹೋಯ್ತು, ಕೈಯಲ್ಲಿ ಉಳಿದಿದ್ದು ಟೊಮ್ಯಾಟೊ ಕೋಲು. ಗಾಳ ಚುಚ್ಕೊಂಡಿರೋ ಮೀನನ್ನ ಹಂಗೆ ಕಳ್ಕೊಳ್ಳೋದು ಪಾಪದ ಕೆಲಸ, ಆದ್ದರಿಂದ ಟೇಪ್ ಜಿಪುಣತನ ಬೇಡ.

ಬರೀ ದಾರ ಕಟ್ಟಿದ್ರೆ ಆಗಲ್ವಾ, ತಂತಿ ಯಾಕೆ ಅಂತ ಎಲ್ರೂ ಕೇಳ್ತಾರೆ. ಬಿಲ ಯಾವಾಗ್ಲೂ ನೇರ ಇರಲ್ಲ, ಒಳಗೆ ಹೋಗಿ ಎಡಕ್ಕೆ ತಿರುಗುತ್ತೆ, ಕೆಳಗೆ ಇಳಿಯುತ್ತೆ. ದಾರವನ್ನ ತಳ್ಳೋಕಾಗಲ್ಲ, ಬಿದಿರು ಬಗ್ಗಲ್ಲ. ತಂತಿನ ಬಿಲದ ಡೊಂಕಿಗೆ ತಕ್ಕಂಗೆ ಬಗ್ಗಿಸ್ಕೋಬಹುದು, ತಳ್ಳಿದ್ರೆ ಹೋಗುತ್ತೆ. ತಂತಿ ತುದಿಗೆ ಸಣ್ಣ ಕುಣಿಕೆ ಮಾಡಿ ಅದಕ್ಕೆ ದಪ್ಪ ನೈಲಾನ್ ಲೈನು, ಮೂವತ್ತು ನಲವತ್ತು ಪೌಂಡ್‌ದು, ಬರೀ ಮೂರು ನಾಲ್ಕು ಇಂಚು ಕಟ್ಟಿ ಗಾಳ ಹಾಕಿ. ಲೈನು ಉದ್ದ ಬಿಟ್ರೆ ಗಾಳ ಒಳಗೆ ಅಲ್ಲಿ ಇಲ್ಲಿ ಓಲಾಡಿ ಪಾಚಿಗೋ ಕಲ್ಲಿಗೋ ಸಿಕ್ಕಾಕೊಳ್ಳುತ್ತೆ, ಮತ್ತೆ ನೀವು ದಿನವೆಲ್ಲ ಬಂಡೆ ಹಿಡ್ದಂಗೇ ಲೆಕ್ಕ. ಗಾಳ 1/0 ಅಥವಾ 2/0 ಸೈಜು, ಗಟ್ಟಿ ಕಡ್ಡಿಯದ್ದು. ಒಂದು ಹತ್ತು ಗಾಳ ಜೇಬಲ್ಲಿ ಇರ್ಲಿ, ಕಳೆದುಹೋಗುತ್ತೆ.

ಎರೆಗೆ ಬೊಂಡಾಸ್ ಬೆಸ್ಟ್. ಏಷ್ಯನ್ ಅಂಗಡಿ ಫ್ರೀಜರಲ್ಲಿ ಸಿಗೋದೇ ಸಾಕು, ಬೆರಳಗಲದ ಪಟ್ಟಿ ಕತ್ತರಿಸಿ ಗಾಳಕ್ಕೆ ಎರಡು ಮೂರು ಸಲ ಪೋಣಿಸಿ, ತೊಗಲಿನ ಹಾಗೆ ಗಟ್ಟಿ ಇರೋದ್ರಿಂದ ಕಲ್ಲಿಗೆ ಉಜ್ಜಿದ್ರೂ ಕಳಚ್ಕೊಳ್ಳಲ್ಲ. ಸಿಗಡಿಗೂ ಕಚ್ಚುತ್ತೆ ಆದ್ರೆ ಎರಡು ಬಿಲಕ್ಕೆ ಉದುರಿ ಹೋಗುತ್ತೆ.

ಇನ್ನು ನಿಜವಾದ ವಿಷಯ. ಕೋಲು ಗಾಳ ಎಲ್ಲ ಒಂದು ಕಡೆ, ಟೈಡ್ ಟೇಬಲ್, ಅಂದ್ರೆ ಉಬ್ಬರ ಇಳಿತದ ವೇಳಾಪಟ್ಟಿ, ಒಂದು ಕಡೆ. ಈ ತೀರದಲ್ಲಿ ದಿನಕ್ಕೆ ಎರಡು ಉಬ್ಬರ ಎರಡು ಇಳಿತ, ಆದ್ರೆ ಎರಡು ಇಳಿತ ಒಂದೇ ಮಟ್ಟಕ್ಕಲ್ಲ, ಒಂದು ಜಾಸ್ತಿ ಇಳಿಯುತ್ತೆ ಒಂದು ಕಮ್ಮಿ. ಜಾಸ್ತಿ ಇಳಿಯೋದ್ರ ಸರಾಸರಿಯನ್ನ ಸೊನ್ನೆ ಅಂತ ಇಟ್ಕೊಂಡಿರ್ತಾರೆ, ಅದಕ್ಕಿಂತ ಕೆಳಗೆ ಇಳಿಯೋ ದಿನಕ್ಕೆ ಮೈನಸ್ ಟೈಡ್ ಅಂತಾರೆ. ನಿಮಗೆ ಬೇಕಾಗಿರೋದು ಅದು, ಮೈನಸ್ ಒಂದು ಅಡಿ ತೋರಿಸ್ತಿದ್ರೆ ಹಬ್ಬ. ಅಮೆರಿಕ ಸರ್ಕಾರದ ಸಾಗರ-ಹವಾಮಾನ ಸಂಸ್ಥೆ ನೋವಾದವ್ರ (NOAA) ಟೇಬಲ್ ಫ್ರೀ ಸಿಗುತ್ತೆ, ಹುಣ್ಣಿಮೆ ಅಮಾವಾಸ್ಯೆ ಆಸುಪಾಸಲ್ಲಿ ನೋಡಿ. ವಸಂತದಿಂದ ಬೇಸಿಗೆವರೆಗೆ ಈ ದೊಡ್ಡ ಇಳಿತ ಬೆಳಗಿನ ಜಾವ ಬರುತ್ತೆ, ಚಳಿಗಾಲದಲ್ಲಿ ಮಧ್ಯಾಹ್ನದ ಮೇಲೆ. ಅಂದ್ರೆ ಮೇ ತಿಂಗಳಲ್ಲಿ ಹೋಗ್ಬೇಕು ಅಂದ್ರೆ ಫ್ರೀಮಾಂಟಲ್ಲಿ ಬೆಳಗ್ಗೆ ನಾಲ್ಕಕ್ಕೆ ಎದ್ದು ಸ್ಯಾನ್ ಮಟೇಯೊ ಬ್ರಿಜ್ ದಾಟಿ ಹೈವೇ 92 ಹಿಡಿದು ಹಾಫ್ ಮೂನ್ ಬೇ, ಅಲ್ಲಿಂದ ಹೈವೇ 1ರಲ್ಲಿ ದಕ್ಷಿಣಕ್ಕೆ. ಡಿಸೆಂಬರಲ್ಲಾದ್ರೆ ಮಧ್ಯಾಹ್ನ ಊಟ ಮಾಡಿ ಹೊರಡಬಹುದು, ಆದ್ರೆ ಅಲೆ ದೊಡ್ಡದಿರುತ್ತೆ ಮತ್ತೆ ಐದು ಗಂಟೆಗೆ ಕತ್ತಲೆ. ನನಗೆ ಮೇ ಜೂನೇ ಇಷ್ಟ.

ಇಳಿತ ಪೂರ್ತಿ ಆಗೋ ಟೈಮಿಗೆ ಅಲ್ಲಿ ಹೋಗಿ ನಿಲ್ಬೇಡಿ, ಅದಕ್ಕೆ ಎರಡು ಗಂಟೆ ಮುಂಚೆ ಇರಿ. ನೀರು ಇಳೀತಾ ಹೋದ ಹಾಗೆ ನೀವೂ ಅದರ ಹಿಂದೆ ಇಳೀತಾ ಹೋಗಿ, ನೀರು ತಿರುಗಿದ ತಕ್ಷಣ ನೀವೂ ತಿರುಗಿ. ಫೋನಲ್ಲಿ ಅಲಾರಂ ಇಟ್ಕೊಳ್ಳಿ, ಬಿಲದಲ್ಲಿ ಮೀನು ಕಚ್ತಾ ಇದ್ರೆ ಗಂಟೆ ಎಷ್ಟು ಅಂತ ಗೊತ್ತಾಗಲ್ಲ, ಹಿಂದೆ ನೋಡಿದ್ರೆ ನೀವು ಬಂದ ದಾರಿ ನೀರೊಳಗಿರುತ್ತೆ.

ಜಾಗದ ಬಗ್ಗೆ ಹುಷಾರು. ಈ ತೀರದ ಉದ್ದಕ್ಕೂ ತುಂಡು ತುಂಡಾಗಿ ಸಂರಕ್ಷಿತ ಪ್ರದೇಶ ಇದೆ, ಮಾಸ್ ಬೀಚ್‌ನ ಫಿಟ್ಜ್‌ಜೆರಾಲ್ಡ್ ರಿಸರ್ವ್ ಕಡೆ ಬಂಡೆ ನೋಡಿದ್ರೆ ಕೈ ತುರಿಸುತ್ತೆ ಆದ್ರೆ ಅಲ್ಲಿ ಒಂದು ಚಿಪ್ಪೂ ಎತ್ತೋ ಹಾಗಿಲ್ಲ. ಪಿಜನ್ ಪಾಯಿಂಟ್ ದೀಪಸ್ತಂಭ ದಾಟಿ ಸ್ವಲ್ಪ ದಕ್ಷಿಣಕ್ಕೆ ಹೋದ್ರೆ ಆನ್ಯೋ ನ್ಯೂವೊ ರಿಸರ್ವ್ ಶುರು, ಅಲ್ಲೂ ಇಲ್ಲ. ಫಿಶ್ ಅಂಡ್ ವೈಲ್ಡ್‌ಲೈಫ್ ಇಲಾಖೆ ಮ್ಯಾಪ್ ನೋಡ್ಕೊಂಡೇ ಕಾರು ನಿಲ್ಸಿ. 16 ವರ್ಷ ತುಂಬಿದವ್ರಿಗೆಲ್ಲ ಲೈಸೆನ್ಸ್ ಬೇಕು, ಪಬ್ಲಿಕ್ ಪಿಯರ್ ಮೇಲೆ ಬೇಡ ಅನ್ನೋ ರೂಲ್ ಬಂಡೆಗೆ ಅನ್ವಯ ಆಗಲ್ಲ. 2023ರಿಂದ ಲೈಸೆನ್ಸು ತಗೊಂಡ ದಿನದಿಂದ 365 ದಿನ ನಡೆಯುತ್ತೆ, ಮುಂಚೆ ಡಿಸೆಂಬರಿಗೆ ಮುಗೀತಿತ್ತು. ದಿನಕ್ಕೆ ಎಷ್ಟು ಹಿಡೀಬಹುದು ಅನ್ನೋದನ್ನ ಪ್ರತಿ ಸಲ ಇಲಾಖೆ ಸೈಟಲ್ಲಿ ನೋಡ್ಕೊಳ್ಳಿ, ಬದಲಾಗ್ತಿರುತ್ತೆ.

ಬಟ್ಟೆ ಬೂಟಿನ ಬಗ್ಗೆ ಜಾಸ್ತಿ ಬರಿಯಲ್ಲ. ಒದ್ದೆಯಾದ್ರೂ ಬೆಚ್ಚಗಿರೋ ಬಟ್ಟೆ, ಅಡಿಗೆ ಒಳ್ಳೇ ಹಿಡಿತ ಇರೋ ಬೂಟು, ಕೈಗೆ ಗ್ಲೌಸು. ಸ್ಪೋರ್ಟ್ಸ್ ಶೂ ಹಾಕ್ಕೊಂಡು ಬಂದ ನಮ್ಮ ಸ್ನೇಹಿತರೊಬ್ರು ಹಸಿರು ಪಾಚಿ ಮೇಲೆ ಕಾಲಿಟ್ಟಿದ್ದಷ್ಟೇ, ಮುಂದಿನ ದೃಶ್ಯದಲ್ಲಿ ಆಕಾಶ ನೋಡ್ತಿದ್ರು. ನಗೋ ವಿಷಯ ಅಲ್ಲದ್ದು ಇನ್ನೊಂದಿದೆ, ಸ್ನೀಕರ್ ವೇವ್. ಹದಿನೈದು ನಿಮಿಷ ಪುಟ್ಟ ಪುಟ್ಟ ಅಲೆ ಬರುತ್ತೆ, ಆಮೇಲೆ ಯಾವ ಸೂಚನೆನೂ ಇಲ್ದೆ ಒಂದು ದೊಡ್ಡದು ಬಂದು ಬಂಡೆ ಪೂರ್ತಿ ತೊಳ್ಕೊಂಡು ಹೋಗುತ್ತೆ. ಈ ನೀರು ಬೇಸಿಗೆಯಲ್ಲೂ ಕೊರೆಯುತ್ತೆ, ಬಿದ್ರೆ ಈಜು ಬರೋರಿಗೂ ಕೈಕಾಲು ಮರಗಟ್ಟುತ್ತೆ. ಅದಕ್ಕೇ ಸಮುದ್ರಕ್ಕೆ ಬೆನ್ನು ಹಾಕ್ಬೇಡಿ, ಒಬ್ರೇ ಹೋಗ್ಬೇಡಿ, ಬಂದ ತಕ್ಷಣ ಇಳೀದೆ ಇಪ್ಪತ್ತು ನಿಮಿಷ ಮೇಲೆ ನಿಂತು ಅಲೆ ನೋಡಿ, ಫ್ಲಾಸ್ಕಲ್ಲಿ ಕಾಫಿ ಇದ್ರೆ ಅದಕ್ಕೆ ಅದೇ ಟೈಮು. ಸ್ವೆಲ್, ಅಂದ್ರೆ ದೂರದಿಂದ ಬರೋ ಅಲೆಯ ಉಬ್ಬು, ದೊಡ್ಡದು ಅಂತ ಫೋರ್ಕಾಸ್ಟ್ ಇದ್ರೆ ಮನೇಲೇ ಮಲಗಿ.

ಯಾವ ಬಿಲಕ್ಕೆ ಹಾಕೋದು? ಇದೇ ಕಲೆ. ಮರಳು ತುಂಬಿರೋ ಸಂದು ಬೇಡ. ಬಾಯಿ ಚಿಕ್ಕದು, ಒಳಗೆ ಆಳ, ಕತ್ತಲೆ, ಬಾಗಿಲಿಗೆ ಪಾಚಿ ಪರದೆ ಥರ ಇಳಿಬಿದ್ದಿರ್ಬೇಕು, ಒಳಗಿಂದ ನೀರು ಗುಳುಗುಳು ಅಂತ ಉಸಿರಾಡೋ ಶಬ್ದ ಬರ್ತಿದ್ರೆ ಇನ್ನೂ ಒಳ್ಳೇದು, ಆಚೆ ಕಡೆ ಎಲ್ಲೋ ಸಮುದ್ರಕ್ಕೆ ಸೇರ್ಕೊಂಡಿದೆ ಅಂತ ಅರ್ಥ. ದೊಡ್ಡ ಬಂಡೆ ಮೇಲೆ ಬಂಡೆ ಕೂತು ಮಧ್ಯೆ ಉಳಿದ ಗವಿ, ಅಲೆ ನುಗ್ಗೋ ಓಣಿಯ ಪಕ್ಕದ ಗೋಡೆಯಲ್ಲಿರೋ ಬಿರುಕು, ಇಂಥದ್ರಲ್ಲಿ ಇರುತ್ತೆ. ಎರೆನ ಮೊದ್ಲು ಬಾಗಿಲಲ್ಲಿ ಹಿಡೀರಿ, ಎರಡು ಸಲ ಮೆಲ್ಲಗೆ ಅಲ್ಲಾಡಿಸಿ, ಆಮೇಲೆ ಅಂಗೈಯಷ್ಟು ಒಳಗೆ, ಆಮೇಲೆ ಇನ್ನಷ್ಟು ಒಳಗೆ. ಚುಚ್ಚುಕೋಲು ಅಂತ ಹೆಸರಿದೆ ಅಂತ ಕಡಗೋಲು ಹಾಕಿ ಮಜ್ಜಿಗೆ ಕಡೆದಂಗೆ ಕಡೀಬೇಡಿ. ಅರ್ಧ ನಿಮಿಷದಿಂದ ಒಂದು ನಿಮಿಷ, ಏನೂ ಇಲ್ವಾ, ಮುಂದಿನ ಬಿಲ. ಹೊಸಬ್ರು ಮಾಡೋ ದೊಡ್ಡ ತಪ್ಪು ಇದೇ, ಒಂದೇ ಬಿಲಕ್ಕೆ ಅಂಟ್ಕೊಂಡು ಕೂರೋದು. ಮೀನು ಇದ್ರೆ ಬೇಗ ಹೇಳುತ್ತೆ. ಒಂದು ಬೆಳಗ್ಗೆಗೆ ನಾನು ಐವತ್ತು ಅರವತ್ತು ಬಿಲ ನೋಡ್ತೀನಿ, ಮೂರಲ್ಲೋ ನಾಲ್ಕರಲ್ಲೋ ಯಾರಾದ್ರೂ ಮನೇಲಿರ್ತಾರೆ.

ಕಚ್ಚಿದಾಗ ಹೇಗಿರುತ್ತೆ ಅಂದ್ರೆ, ರಾಡಲ್ಲಿ ಬರೋ ಟುಕ್ ಟುಕ್ ಅಲ್ಲ. ಬಿದಿರಲ್ಲಿ ಬಗ್ಗೋದು ಏನೂ ಇಲ್ವಲ್ಲ, ಒಳಗಿನ ಜೀವ ನೇರ ನಿಮ್ಮ ಮುಂಗೈಗೆ ಬರುತ್ತೆ. ಮೊದ್ಲು ತಂತಿ ಕಲ್ಲಿಗೆ ಉಜ್ಜೋ ಕರಕರ ನಿಲ್ಲುತ್ತೆ, ಎರೆ ಭಾರ ಆಗುತ್ತೆ, ಒಂದು ಕ್ಷಣ ಏನೂ ಇಲ್ಲ, ಆಮೇಲೆ ಒಳಗಿಂದ ಯಾರೋ ಕೋಲು ಕಿತ್ಕೊಳ್ತಿದಾರೆ ಅನ್ನೋ ಹಾಗೆ ದರದರ ಎಳೆತ. ಆಗ ಮೇಲಕ್ಕೆ ಜಗ್ಗಬಾರ್ದು, ಕೋಲು ಬಿಲದ ಚಾವಣಿಗೆ ಬಡಿದು ಗಾಳ ಕಳಚುತ್ತೆ. ಕೋಲು ಯಾವ ದಿಕ್ಕಲ್ಲಿ ಒಳಗೆ ಹೋಯ್ತೋ ಅದೇ ದಿಕ್ಕಲ್ಲಿ ನೇರ ಹಿಂದಕ್ಕೆ, ನಿಲ್ಲಿಸ್ದೆ, ಬಾವಿಯಿಂದ ಕೊಡ ಸೇದ್ದಂಗೆ ಒಂದೇ ಸಮ ಎಳೀರಿ. ಒಂದು ಸೆಕೆಂಡ್ ಯೋಚ್ನೆ ಮಾಡಿದ್ರೆ ಅದು ಮೈನ ಸುರುಳಿ ಸುತ್ತಿ ಸಂದಿಗೆ ಬಿಗಿದುಬಿಡುತ್ತೆ, ಆಮೇಲೆ ಬಂಡೆನೇ ಎಳೆದಂಗೆ. ಹಂಗಾದ್ರೆ ಜಗಳ ಬೇಡ, ಕೋಲು ಸಡಿಲ ಬಿಟ್ಟು ಒಂದೆರಡು ನಿಮಿಷ ಸುಮ್ನಿರಿ, ಅದು ಹಿಡಿತ ಬಿಟ್ಟು ಒಳಗೆ ಹೋಗೋಕೆ ಅಂತ ಮೈ ಸಡಿಲಿಸುತ್ತೆ, ಕೈಗೆ ಗೊತ್ತಾಗುತ್ತೆ, ಆಗ ಎಳೀರಿ.

ಹೊರಗೆ ಬಂದ ಮೇಲೆ ಮಜಾ ಶುರು. ಮೈಯೆಲ್ಲ ಲೋಳೆ, ಕೈಗೆ ಸುತ್ಕೊಳ್ಳುತ್ತೆ, ಬರಿಗೈಯಲ್ಲಿ ಹಿಡಿಯೋಕೆ ಹೋದ್ರೆ ಸೋಪು ಹಿಡಿದಂಗೆ. ಹಳೇ ಟವಲ್ ತುಂಡು ಸೊಂಟಕ್ಕೆ ಸಿಕ್ಕಿಸ್ಕೊಂಡಿರಿ, ಅದರಲ್ಲಿ ಕುತ್ತಿಗೆ ಹತ್ರ ಅಮುಕಿ ಹಿಡಿದು ಇಕ್ಕಳದಲ್ಲಿ ಗಾಳ ಬಿಡಿಸಿ, ಬೆರಳು ಬಾಯಿಗೆ ಕೊಡ್ಬೇಡಿ. ಇಟ್ಕೊಳ್ಳೋದಾದ್ರೆ ತಲೆಗೆ ಒಂದೇ ಏಟು ಹಾಕಿ ಮುಗಿಸಿ. ಗಾಳಿ ಉಸಿರಾಡೋ ಮೀನು ಅಂತ ಆಗ್ಲೇ ಹೇಳಿದ್ನಲ್ಲ, ಸುಮ್ನೆ ಚೀಲಕ್ಕೆ ಹಾಕಿದ್ರೆ ಗಂಟೆಗಟ್ಲೆ ಸಾಯ್ದೆ ಒದ್ದಾಡುತ್ತೆ. ನಾನು ಒಂದ್ಸಲ ಹಾಗೆ ತಂದು ಅಡುಗೆಮನೆ ಸಿಂಕಲ್ಲಿ ಹಾಕಿ ಕೈ ತೊಳೆಯೋಕೆ ಹೋದೆ, ಮನೆಯವಳ ಕಿರುಚಾಟ ಪಕ್ಕದ ಅಪಾರ್ಟ್ಮೆಂಟಿಗೂ ಕೇಳಿಸ್ತು, ನೋಡಿದ್ರೆ ಮೀನು ಕೌಂಟರ್ ಮೇಲೆ ಮಿಕ್ಸಿ ಹಿಂದೆ ಇತ್ತು.

ಇದೇ ಬಿಲದಲ್ಲಿ ಬೇರೆ ಮೀನೂ ಸಿಗುತ್ತೆ, ಗ್ರೀನ್‌ಲಿಂಗ್, ಗ್ರಾಸ್ ರಾಕ್‌ಫಿಶ್, ಲಿಂಗ್‌ಕಾಡ್. ಲಿಂಗ್‌ಕಾಡ್ 22 ಇಂಚಿಗಿಂತ ಚಿಕ್ಕದಿದ್ರೆ ವಾಪಸ್ ಬಿಡ್ಲೇಬೇಕು. ಕ್ಯಾಬೆಜಾನ್ ಅಂತ ದೊಡ್ಡ ತಲೆ, ಚಿಪ್ಪಿಲ್ಲದ ಒಂದು ಮೀನು ಸಿಕ್ರೆ ಅದೃಷ್ಟ, ಮಾಂಸ ಬಹಳ ರುಚಿ, ಆದ್ರೆ ಅದರ ಮೊಟ್ಟೆ ವಿಷ. ನಮ್ಮೋರು ಮೀನಿನ ಮೊಟ್ಟೆ ಕಂಡ್ರೆ ಫ್ರೈ ಮಾಡೋಣ ಅಂತಾರಲ್ಲ, ಇದರದ್ದು ನೇರ ಕಸಕ್ಕೆ. ಬಂಡೆಗೆ ಅಂಟ್ಕೊಂಡಿರೋ ದೊಡ್ಡ ಅಬಲೋನಿ ಚಿಪ್ಪು ಕಂಡ್ರೂ ಮುಟ್ಬೇಡಿ, ಕೆಂಪು ಅಬಲೋನಿ ಹಿಡಿಯೋದು 2018ರಿಂದ ಬಂದ್ ಆಗಿದೆ, ದಂಡ ಜೋರು.

ಎಷ್ಟು ಹಿಡೀಬೇಕು ಅನ್ನೋದ್ರಲ್ಲಿ ನನ್ನದೊಂದು ಹಟ ಇದೆ. ಈ ಮೀನು 18 ವರ್ಷದವರೆಗೂ ಬದುಕುತ್ತೆ, ನಿಧಾನ ಬೆಳೆಯುತ್ತೆ, ತನ್ನ ಬಂಡೆ ಬಿಟ್ಟು ಜಾಸ್ತಿ ದೂರ ಹೋಗಲ್ಲ, ಮೊಟ್ಟೆ ಇಟ್ಟ ಮೇಲೆ ಸುತ್ಕೊಂಡು ಕಾವಲು ಬೇರೆ ಕಾಯುತ್ತೆ. ಎರಡಡಿ ಮೀನು ಸಿಕ್ತು ಅಂದ್ರೆ ಅದು ಆ ಓಣಿಯ ಹಿರಿತಲೆ. ಅದಕ್ಕೇ ನಾನು ಒಂದು ಟ್ರಿಪ್ಪಿಗೆ ಎರಡು, ಜನ ಬರೋರಿದ್ರೆ ಮೂರು, ಹದಿನೈದು ಇಂಚಿಗಿಂತ ಚಿಕ್ಕದು ವಾಪಸ್, ಮತ್ತೆ ಅದೇ ಬಂಡೆಗೆ ಆ ವರ್ಷ ಹೋಗಲ್ಲ. ಕಾನೂನು ಇದಕ್ಕಿಂತ ಜಾಸ್ತಿ ಬಿಡುತ್ತೆ, ಆದ್ರೆ ಕಾನೂನು ಬಿಡುತ್ತೆ ಅಂತ ಚೀಲ ತುಂಬಿಸಿ ಫೋಟೋ ಹಾಕೋರನ್ನ ಕಂಡ್ರೆ ನನಗೆ ಸಿಟ್ಟು ಬರುತ್ತೆ. ಕಲ್ಲು ಎತ್ತಿ ನೋಡಿದ್ರೆ ಹಂಗೇ ವಾಪಸ್ ಇಡಿ, ಅದರ ಕೆಳಗೆ ನೂರು ಸಂಸಾರ ಇರುತ್ತೆ.

ಕ್ಲೀನ್ ಮಾಡೋದು. ತೊಗಲು ದಪ್ಪ, ಹೆರೆದ್ರೆ ಆಗಲ್ಲ, ಸುಲೀಬೇಕು. ಮೊದ್ಲು ಕಲ್ಲುಪ್ಪು ಹಾಕಿ ತಿಕ್ಕಿ ಲೋಳೆ ತೆಗೀರಿ. ಹಲಗೆ ಮೇಲೆ ಇಟ್ಟು ತಲೆಗೆ ಒಂದು ಮೊಳೆ ಹೊಡೀರಿ, ಕುತ್ತಿಗೆ ಸುತ್ತ ಬರೀ ತೊಗಲಷ್ಟೇ ಕೊಯ್ದು, ಅಂಚನ್ನ ಇಕ್ಕಳದಲ್ಲಿ ಹಿಡಿದು ಬಾಲದ ಕಡೆ ಎಳೆದ್ರೆ ಕಾಲ್ಚೀಲ ಬಿಚ್ಚಿದಂಗೆ ಬರುತ್ತೆ, ಮೊದಲ ಸಲ ಅರ್ಧಕ್ಕೆ ಹರಿಯುತ್ತೆ, ಪರವಾಗಿಲ್ಲ. ಸೊಪ್ಪು ತಿನ್ನೋ ಪ್ರಾಣಿ ಅಲ್ವಾ, ಕರುಳು ಉದ್ದ, ಒಳಗೆಲ್ಲ ಹಸಿರು ಗೊಜ್ಜು, ಅದು ಒಡೆದು ಮಾಂಸಕ್ಕೆ ತಾಗದ ಹಾಗೆ ಬೇಗ ತೆಗೀಬೇಕು, ಆಗೋದಾದ್ರೆ ತೀರದಲ್ಲೇ. ಆಮೇಲೆ ಬೆನ್ನುಮೂಳೆಯ ಎರಡೂ ಕಡೆ ಚೂರಿ ಓಡಿಸಿ ಫಿಲೆ ತೆಗೀರಿ, ಅಥವಾ ಮೂಳೆ ಸಮೇತ ಎರಡಿಂಚಿನ ತುಂಡು ಮಾಡಿ ಸಾರಿಗೆ ಹಾಕಿ.

ಮಾಂಸ ಬೆಳ್ಳಗೆ, ಗಟ್ಟಿ, ಮೀನಿನ ವಾಸನೆ ಕಮ್ಮಿ. ಇಲ್ಲಿಯವ್ರು ನಿಂಬೆಹಣ್ಣು ಬೆಣ್ಣೆ ಅಂತಾರೆ, ಪಾಪ. ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಹುಣಸೆಹುಳಿ, ಸ್ವಲ್ಪ ಅರಿಶಿನ ಗಟ್ಟಿಯಾಗಿ ರುಬ್ಬಿ ಫಿಲೆಗೆ ಬಳಿದು ಅರ್ಧ ಗಂಟೆ ಬಿಟ್ಟು, ಚಿರೋಟಿ ರವೆಯಲ್ಲಿ ಹೊರಳಿಸಿ, ಕಾವಲಿ ಮೇಲೆ ತೆಂಗಿನೆಣ್ಣೆಯಲ್ಲಿ ಹುರೀರಿ. ಕಾಣೆ ಫ್ರೈ ಪಕ್ಕ ಇಟ್ಟು ತಿನ್ನಿಸಿದ್ರೆ ಮಂಗಳೂರಿನವ್ರು ಒಪ್ಪಲ್ಲ, ನಾನು ಟ್ರೈ ಮಾಡಿದೀನಿ, ಆದ್ರೆ ಒಪ್ಪಲ್ಲ ಅಂತ ಹೇಳ್ತಾ ಹೇಳ್ತಾ ನಾಲ್ಕನೇ ತುಂಡು ತಗೊಂಡ್ರು.

ಮನೆಗೆ ಬಂದ ಮೇಲೆ ಕೋಲನ್ನ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಹ್ಯಾಂಗರ್ ತಂತಿ ಹೆಂಗೂ ತುಕ್ಕು ಹಿಡಿಯುತ್ತೆ, ಎರಡು ಮೂರು ಟ್ರಿಪ್ಪಿಗೆ ಹೊಸದು ಹಾಕಿ, ತುಕ್ಕು ಹಿಡಿದ ತಂತಿ ದೊಡ್ಡ ಮೀನು ಸಿಕ್ಕ ದಿನಾನೇ ಮುರಿಯೋದು. ನಮ್ಮನೇಲಿ ರೇಷ್ಮೆ ಸೀರೆ ಡ್ರೈಕ್ಲೀನಿಂದ ಬಂದಾಗ ಹ್ಯಾಂಗರ್ ಮೊದ್ಲು ನನ್ನ ಕೈಗೆ, ಸೀರೆ ಸೋಫಾ ಮೇಲೆ. ಅದಕ್ಕೆ ದಿನಾ ಬೈಸ್ಕೊಳ್ತೀನಿ.